ನಾಲ್ಕೂ ಎಡಗಡೆ ಪಟ್ಟಿಗಳೇ

ನಂಜನಗೂಡಲ್ಲಿ ನಾನು ಕೆಲಸ ಮಾಡೋ ಶೆಡ್ಡಲ್ಲಿ ಮರದ ತುದೀಲಿ ಕೆಂಪು ಗುರುತು ಇದ್ರೆ ಅದಕ್ಕೆ ಒಂದೇ ಅರ್ಥ ಇತ್ತು. ಈ ತುದಿ ಮೊದ್ಲು ಮಿಷನ್ನಿಗೆ ಹೋಗ್ಬೇಕು, ಅಷ್ಟೇ. ಆಚಾರ್ರು ಕಿವಿ ಮೇಲೆ ಕೆಂಪು ಬಳಪ ಸಿಗಿಸ್ಕೊಂಡು ಓಡಾಡೋರು. ಬಾಗಿಲಿನ ಒಂದೊಂದು ಪಟ್ಟೀನೂ ತಿರುಗಿಸಿ ಮುರುಗಿಸಿ ನೋಡಿ, ಒಂದು ತುದಿಗೆ ಗೀರು ಎಳೆದು ನನ್ನ ಕಡೆ ತಳ್ಳೋರು. ನಾನು ಯೋಚನೆ ಮಾಡೋ ಹಂಗೇ ಇರ್ಲಿಲ್ಲ. ಕೆಂಪು ಕಂಡ ಕಡೆಯಿಂದ ಒಳಗೆ ತಳ್ಳೋದು. ಮೂರು ವರ್ಷ ಹಂಗೇ ನಡೀತು, ಒಂದು ಬಾಗಿಲೂ ತಪ್ಪಿರ್ಲಿಲ್ಲ.

ಶೆಡ್ಡು ಆಚಾರ್ರದ್ದೇ. ಅವರೂ ನಾನೂ ಇಬ್ರೂ ನರಸೀಪುರದ ಕಡೆಯೋರು, ಬೆಳಿಗ್ಗೆ ಒಂದೇ ಬಸ್ಸಿಗೆ ಬರೋರು. ಅವರ ಅಪ್ಪ, ತಾತ ಎಲ್ಲಾ ಉಳಿ ಕೊಡತಿ ಹಿಡಿದೋರು. ಇವರೂ ಅರವತ್ತರ ಹತ್ತಿರದವರೆಗೂ ಕೈಯಲ್ಲೇ ಬಾಗಿಲು ಮಾಡಿ, ಆಮೇಲೆ ಭುಜ ನೋವು ಜಾಸ್ತಿ ಆಯ್ತು ಅಂತ ಒಂದು ಹಳೇ ಮಿಷನ್ ತಂದ್ರು. ಕಬ್ಬಿಣದ ಮೇಜು, ಮೇಜಿನ ಮಧ್ಯ ಒಂದು ತೂತು, ಆ ತೂತಿಂದ ಮೇಲಕ್ಕೆ ನಿಂತ್ಕೊಂಡಿರೋ ಒಂದು ಉಕ್ಕಿನ ಕಡ್ಡಿ. ಆ ಕಡ್ಡಿಗೆ ಕಟರ್ ತೊಡಿಸಿ ನಟ್ ಬಿಗಿದು ಬಟನ್ ಒತ್ತಿದ್ರೆ ಗಿರ್ ಅಂತ ತಿರುಗ್ತದೆ. ಹಿಂದೆ ಆಸರೆಗೆ ಒಂದು ನೆಟ್ಟಗಿನ ಮರದ ಗೋಡೆ ಇರ್ತದೆ. ಪಟ್ಟೀನ ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಅಂಚನ್ನ ಆ ಗೋಡೆಗೆ ಒತ್ತಿ, ಬಲಗಡೆಯಿಂದ ಎಡಗಡೆಗೆ ತಳ್ಳಬೇಕು. ಆಗ ಮುಖದ ಕಡೆ ಅಂಚಲ್ಲಿ ಗೋಲಿ ಅಂತ ಚಂದದ ಒಂದು ದುಂಡನೆ ಅಲಂಕಾರ ಬರ್ತದೆ, ಅದರ ಪಕ್ಕದಲ್ಲೇ ಹಲಗೆ ಕೂರೋಕೆ ಕಾಲುವೆ ತರ ಒಂದು ಗಾಡಿ ಬೀಳ್ತದೆ.

ಮಿಷನ್ ಜೊತೆ ಇಂಗ್ಲಿಷಲ್ಲಿ ಒಂದು ಪುಸ್ತಕ ಬಂದಿತ್ತು. ಆಚಾರ್ರು ಅದನ್ನ ನನ್ನ ಮುಂದೆ ಇಟ್ಟು, "ನೀನು ಓದ್ದೋನಲ್ವೇನಪ್ಪಾ, ನೋಡು" ಅಂದ್ರು. ನಾನು ಓದ್ದೋನು ಅಂದ್ರೆ ಮೂವತ್ತಾರನೇ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೋನು. ನಮ್ಮಕ್ಕನ ಮಗಳೂ ನಾನೂ ಒಂದೇ ವರ್ಷ ಪರೀಕ್ಷೆ ಬರೆದ್ವಿ. ಅವಳಿಗೆ ನನಗಿಂತ ಬಹಳ ಮಾರ್ಕ್ಸ್ ಬಂತು, ಮನೇಲಿ ಇವತ್ತಿಗೂ ಆಡ್ಕೋತಾರೆ. ಹಂಗಾಗಿ ಆ ಪುಸ್ತಕದ ಒಂದು ಪುಟ ಓದೋಕೆ ನನಗೆ ಒಂದು ವಾರ ಹಿಡೀತು. ಆದ್ರೆ ಅದರಲ್ಲಿದ್ದ ಒಂದು ಚಿತ್ರ ನನ್ನ ತಲೇಲಿ ಕೂತುಬಿಡ್ತು. ಕಟರ್ ಎರಡು ಇರ್ತವೆ. ಒಂದು ಉದ್ದದ ಪಟ್ಟಿಗೆ, ಇನ್ನೊಂದು ಅಡ್ಡಪಟ್ಟಿಯ ತುದಿಗೆ. ಮೊದಲನೇದು ಎಲ್ಲಿ ತಗ್ಗು ಮಾಡ್ತದೋ ಎರಡನೇದು ಅಲ್ಲೇ ಉಬ್ಬು ಬಿಡ್ತದೆ. ಎರಡೂ ಸೇರಿಸಿದ್ರೆ ಎರಡು ಕೈ ಬೆರಳು ಹೆಣೆದ ಹಂಗೆ ಕೂತ್ಕೋಬೇಕು. ಮೊಳೆ ಇಲ್ಲ, ಏನಿಲ್ಲ.

ಕೂತ್ಕೋಬೇಕು ಅಂತ ಪುಸ್ತಕ ಹೇಳ್ತದೆ. ಕೂರ್ಸೋದು ನಮ್ಮ ಪಾಡು. ಕಟರ್ ಎತ್ತರ ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಜಾಯಿಂಟಲ್ಲಿ ಮೆಟ್ಟಿಲು ನಿಲ್ತದೆ, ಕಣ್ಣಿಗೆ ಕಾಣ್ದಿದ್ರೂ ಬೆರಳಿಗೆ ಗೊತ್ತಾಗ್ತದೆ. ಎರಡು ಕಟರ್ ಬಿಲ್ಲೆಗಳ ಮಧ್ಯ ಹಾಕೋ ತೆಳು ಹಿತ್ತಾಳೆ ಬಳೆಗಳಲ್ಲಿ ಒಂದು ಕಳೆದುಹೋಗಿತ್ತು. ಅಡ್ಡಪಟ್ಟಿ ತುದಿಯ ಉಬ್ಬು ನಾಲಿಗೆ ಗಾಡಿ ಒಳಗೆ ಲೊಡಲೊಡ ಅಂತಿತ್ತು. ನಾನು ಹಳೇ ಕ್ಯಾಲೆಂಡರ್ ಹಾಳೆ ದುಂಡಗೆ ಕತ್ತರಿಸಿ ಹಾಕಿ ನೋಡೋಣ ಅಂದೆ.

"ಹಾಕು, ದೇವ್ರ ಪಟ ಇರೋ ಹಾಳೆ ಮಾತ್ರ ಕತ್ತರಿಸ್ಬೇಡ" ಅಂದ್ರು ಆಚಾರ್ರು.

ಹಾಕಿದೆ. ಕೂತುಕೊಳ್ತು. ಒಂದು ಹಾಳೆಯಷ್ಟು ದಪ್ಪ! ಅವತ್ತು ನಾನು ಬಸ್ಸಲ್ಲಿ ಎದುರು ಸೀಟಿನೋನು ಓದ್ತಿದ್ದ ಪೇಪರನ್ನೇ ನೋಡ್ಕೊಂಡು ಊರಿಗೆ ಹೋದೆ, ಇದು ಎಷ್ಟು ದಪ್ಪ ಇರ್ಬೋದು ಅಂತ.

ಇಷ್ಟು ಹೇಳಿದ್ದು ಯಾಕೆ ಅಂದ್ರೆ, ಹೆಮ್ಮಿಗೆ ಬಾಗಿಲು ಬಂದಾಗ ನನಗೆ ಮಿಷನ್ ಬಗ್ಗೆ ಎಲ್ಲಾ ಗೊತ್ತು ಅನ್ನೋ ಧೈರ್ಯ ಬಂದಿತ್ತು.

ಹೆಮ್ಮಿಗೆಯ ಒಬ್ಬ ಅಕ್ಕ, ಸ್ಕೂಲಲ್ಲಿ ಬಿಸಿಯೂಟ ಮಾಡೋರು. ಹಳೇ ಮನೆ ಸಾಲದು ಅಂತ ಹಿತ್ತಲಲ್ಲಿ ಹೊಸ ಮನೆ ಕಟ್ಟಿಸ್ತಿದ್ರು. ಹಿತ್ತಲಲ್ಲಿ ಅವರ ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟ ಹಲಸಿನ ಮರ ಇತ್ತು. ಮನೆ ಬರ್ಬೇಕಾದ್ರೆ ಮರ ಹೋಗ್ಬೇಕು. ಆ ಅತ್ತೆ, ಈಗ ವಯಸ್ಸಾದ ಅಜ್ಜಿ, ಎಷ್ಟೋ ದಿನ ಒಪ್ಪಲಿಲ್ಲವಂತೆ. ಕೊನೆಗೆ ಒಂದು ಮಾತಿಗೆ ಒಪ್ಪಿದ್ರು. ಆ ಮರದಲ್ಲೇ ಮುಂಬಾಗಿಲು ಆಗ್ಬೇಕು, ಬೇರೆ ಮರ ಒಂದು ಚೂರೂ ಸೇರಬಾರದು, ಮರ ಹೆಂಗೆ ನಿಂತಿತ್ತೋ ಬಾಗಿಲೂ ಹಂಗೇ ನಿಲ್ಬೇಕು. ಬುಡ ಕೆಳಗೆ, ತುದಿ ಮೇಲೆ.

ಇದು ನಮ್ಮ ಕಡೆ ಹೊಸ ಮಾತೇನಲ್ಲ. ಕಂಬ ಆಗ್ಲಿ, ಬಾಗಿಲುವಾಡ ಆಗ್ಲಿ, ನಿಲ್ಸೋ ಮರಕ್ಕೆ ಬುಡ ಕೆಳಗಿರ್ಬೇಕು. ತಲೆಕೆಳಗಾದ ಮರ ಮನೇಲಿ ನಿಲ್ಬಾರ್ದು ಅಂತ ಎಲ್ಲಾ ಆಚಾರಿಗಳೂ ಹೇಳ್ತಾರೆ. ಯಾಕೆ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಡ್ಡಪಟ್ಟಿಗೆ ಇದು ಅನ್ವಯ ಇಲ್ವಾ ಅಂತ ನಾನು ಒಂದ್ಸಲ ಕೇಳಿದ್ದೆ. "ಅದು ಮಲಗಿರೋದು ಕಣ್ಲಾ. ಉತ್ತರಕ್ಕೆ ತಲೆ ಹಾಕ್ದಿದ್ರೆ ಸಾಕು" ಅಂದು ಆಚಾರ್ರು ನಕ್ಕಿದ್ರು.

ಮರ ಸೀಳಿಸಿ ಒಂದು ವರ್ಷ ನೆರಳಲ್ಲಿ ಒಣಗಿಸಿದ್ರು. ನಮ್ಮ ಶೆಡ್ಡಿಗೆ ಟೆಂಪೋದಲ್ಲಿ ಬಂದಿಳಿದಾಗ ಅರಿಶಿನ ಕಲಸಿದ ಹಂಗಿತ್ತು ಬಣ್ಣ. ಆಚಾರ್ರು ಟೇಪ್ ಹಿಡಿದು ಅಳೆದು, "ಜೋಡಿ ಬಾಗ್ಲಿಗೆ ಸರಿಯಾಗಿ ಆಯ್ತದೆ. ಒಂದು ಪಟ್ಟಿ ಕೆಟ್ರೂ ಇನ್ನೊಂದಿಲ್ಲ" ಅಂದ್ರು. ಎರಡು ರೆಕ್ಕೆ, ರೆಕ್ಕೆಗೆ ಎರಡರಂತೆ ನಾಲ್ಕು ಉದ್ದದ ಪಟ್ಟಿ. ಅಂಚು ಸೀಳಿ ತೆಗೆದ ಉದ್ದನೆ ರೀಪುಗಳನ್ನ ಆ ಅಕ್ಕ ಕಟ್ಟಿಸ್ಕೊಂಡು ತಗೊಂಡೋದ್ರು, ಮರದ್ದು ಏನೂ ಬಿಟ್ಟು ಬರ್ಬೇಡ ಅಂದಿದ್ರಂತೆ ಅತ್ತೆ. ಅಳತೆಗೆ ಸೀಳಿದ ಪಟ್ಟಿ ಇನ್ನೂ ಒಂದೂವರೆ ತಿಂಗಳು ಶೆಡ್ಡಲ್ಲೇ ನಿಂತು ಆರಿದ್ವು.

ಮಿಷನ್ನಿಗೆ ಹಾಕೋ ದಿನ ಆಚಾರ್ರು ಕವಲಂದೆಗೆ ಒಂದು ಮನೆ ಅಳತೆಗೆ ಹೋಗಿದ್ರು. "ಸೆಟ್ಟಿಂಗ್ ಮಾಡ್ಕೊಂಡಿರು, ಬತ್ತೀನಿ" ಅಂದಿದ್ರು. ನಾನು ಸೆಟ್ಟಿಂಗ್ ಮಾಡಿದೆ. ಅಷ್ಟೇ ದಪ್ಪದ ಬೇವಿನ ತುಂಡು ಹಾಕಿ, ಎತ್ತರ ತಿರುಗಿಸಿ, ಮತ್ತೆ ಹಾಕಿ, ಕ್ಯಾಲೆಂಡರ್ ಬಳೆ ಬದಲಾಯಿಸಿ, ಮತ್ತೆ ಹಾಕಿ. ಆರನೇ ತುಂಡಿಗೆ ಜಾಯಿಂಟ್ ಹೆಂಗೆ ಕೂತ್ಕೊಳ್ತು ಅಂದ್ರೆ, ಬಿಡಿಸೋಕೆ ಕೊಡತಿ ಬೇಕಾಯ್ತು. ಇಷ್ಟು ಚೆನ್ನಾಗಿ ಕೂತಿರೋ ಸೆಟ್ಟಿಂಗ್ ಆಚಾರ್ರು ಬರೋಗಂಟ ಸುಮ್ನೆ ಬಿಡೋದಾ? ಹಲಸಿನ ಪಟ್ಟಿಗಳನ್ನ ನೋಡಿದೆ. ನಾಲ್ಕಕ್ಕೂ ಒಂದು ತುದೀಲಿ ಕೆಂಪು ಇತ್ತು. ಆಚಾರ್ರು ಗುರುತು ಹಾಕಿಟ್ಟೇ ಹೋಗಿದ್ದಾರೆ ಅಂದ್ಕೊಂಡೆ. ನಾಲ್ಕನ್ನೂ ಕೆಂಪು ಮೊದ್ಲು ಮಾಡಿ ತಳ್ಳಿದೆ. ಹಲಸು ಬೆಣ್ಣೆ ತರ ಕೊಯ್ತು. ಹಳದಿ ಹೊಟ್ಟು ನನ್ನ ಪಾದ ಮುಚ್ಚಿ ಬಿದ್ದಿತ್ತು.

ಕೊಯ್ದಾದ ಮೇಲೆ ಮುಟ್ಟಿ ನೋಡಿದ್ರೆ ಅದು ಆಚಾರ್ರ ಬಳಪ ಅಲ್ಲ. ಸಾಮಿಲ್ಲಲ್ಲಿ ಆ ಅಕ್ಕ ನಿಂತು ಹಚ್ಚಿಸಿದ್ದ ಪೇಂಟು. ಬುಡ ಯಾವುದು ಅಂತ ಮರೆಯಬಾರದು ಅಂತ.

ಮಧ್ಯಾಹ್ನ ಅಡ್ಡಪಟ್ಟಿ ತುದೀನೂ ಕೊಯ್ದು, ಎರಡು ರೆಕ್ಕೇನೂ ನೆಲದ ಮೇಲೆ ಜೋಡಿಸಿ ನೋಡಿದೆ. ಎಲ್ಲಾ ಜಾಯಿಂಟೂ ಸರಿ. ಆದ್ರೆ ಒಂದೊಂದು ರೆಕ್ಕೇಲೂ ಎಡಗಡೆ ಪಟ್ಟಿಯ ಕೆಂಪು ಕೆಳಗೆ, ಬಲಗಡೆ ಪಟ್ಟಿಯ ಕೆಂಪು ಮೇಲೆ. ನಾನು ತಿರುಗಿಸಿ ಹಾಕಿದೆ. ಕೆಂಪು ಕೆಳಗೆ ಬಂತು, ಗಾಡಿ ಹೊರಗಡೆ ಹೋಯ್ತು. ಮಗುಚಿ ಹಾಕಿದೆ. ಗಾಡಿ ಒಳಗೆ ಬಂತು, ಗೋಲಿ ಹಿಂದಕ್ಕೆ ಹೋಯ್ತು. ಸುಮಾರು ಹೊತ್ತು ಹಂಗೇ ತಿರುಗಿಸ್ತಾ ಕೂತಿದ್ದೆ. ಆಗ ಆಚಾರ್ರು ಬಂದ್ರು. ಬಾಗಿಲಲ್ಲೇ ಚಪ್ಪಲಿ ಬಿಡ್ತಾ ಬಿಡ್ತಾ ನೆಲ ನೋಡಿದ್ರು.

"ಏನ್ಲಾ ಇದು?"

"ಕೆಂಪು ಇತ್ತಲ್ಲ ಆಚಾರ್ರೇ. ಕೆಂಪು ಮೊದ್ಲು ಹಾಕ್ದೆ."

"ನಾಲ್ಕೂನಾ?"

"ನಾಲ್ಕೂ."

ಅವರು ಬೈಲಿಲ್ಲ. ತಮ್ಮ ಎರಡು ಚಪ್ಪಲೀನೂ ಎತ್ಕೊಂಡು ನನ್ನ ಮುಂದೆ ಇಟ್ರು. "ಇದು ಎಡಗಾಲ್ದು. ಇದ್ನ ಬಲಗಾಲಿಗೆ ಮಾಡು ನೋಡಾನ. ಅಟ್ಟೆ ಕೆಳಗೇ ಇರ್ಬೇಕು, ಬೆರಳು ಮುಂದೇ ಇರ್ಬೇಕು."

ಆಗೋದಿಲ್ಲ. ಆವಾಗ ಗೊತ್ತಾಯ್ತು ನನಗೆ. ಉದ್ದದ ಪಟ್ಟಿಗೂ ಚಪ್ಪಲಿ ತರ ಎಡ ಬಲ ಇದೆ. ಬುಡ ಕೆಳಗಿದ್ದು, ಮುಖ ಮುಂದಿದ್ದು, ಗಾಡಿ ಒಳಗಿರ್ಬೇಕು ಅಂದ್ರೆ ಎಡದ್ದು ಬುಡ ಮೊದ್ಲು ಹೋಗ್ಬೇಕು, ಬಲದ್ದು ತುದಿ ಮೊದ್ಲು ಹೋಗ್ಬೇಕು. ಆಚಾರ್ರು ಮೂರು ವರ್ಷ ಬಳಪ ಹಿಡಿದು ಮಾಡ್ತಿದ್ದ ಲೆಕ್ಕ ಇದೇನೇ. ನಾನು ಬರೀ ಕೆಂಪು ನೋಡ್ತಿದ್ದೆ, ಲೆಕ್ಕ ನೋಡಿರ್ಲಿಲ್ಲ. ಈಗ ನನ್ನ ಮುಂದೆ ನಾಲ್ಕೂ ಎಡಗಾಲಿನ ಚಪ್ಪಲಿ.

ಆಚಾರ್ರು ಕೂತು ಬೀಡಿ ಹಚ್ಚಿದ್ರು. ಬಾಗಿಲೇನೋ ಆಗೋಗಿದೆ. ಎರಡು ಪಟ್ಟಿ ತಲೆಕೆಳಗೆ ಅಷ್ಟೇ. ಹೆಂಗಿದ್ರೂ ಮೇಲೆ ಕೆಳಗೆ ಒಂದೊಂದು ಇಂಚು ಕೊಯ್ದು ಸಮ ಮಾಡ್ತೀವಿ, ಕೆಂಪೆಲ್ಲಾ ಅದ್ರಲ್ಲೇ ಹೋಗ್ತದೆ. ಆಮೇಲೆ ಪಾಲಿಷ್. ಆಮೇಲೆ ಬುಡ ಯಾವುದು ತುದಿ ಯಾವುದು ಅಂತ ಯಾರಿಗೂ ಗೊತ್ತಾಗಲ್ಲ. ಇದನ್ನ ನಾನು ಬಾಯಿಬಿಟ್ಟು ಹೇಳ್ಲಿಲ್ಲ. ಅವರೂ ಹೇಳ್ಲಿಲ್ಲ. ಆದ್ರೆ ಇಬ್ರೂ ಆ ಕೆಂಪು ತುದಿಗಳನ್ನೇ ನೋಡ್ತಿದ್ವಿ.

"ಆಚಾರ್ರೇ, ನಿಜವಾಗ್ಲೂ ಮರಕ್ಕೆ ಬುಡ ತುದಿ ಗೊತ್ತಿರ್ತದಾ, ಕಡಿದ ಮೇಲೂ?" ಅಂದೆ.

"ನೀರಿಗೆ ಬುಟ್ಟು ನೋಡು. ಬುಡ ಒಸಿ ಕೆಳಕ್ಕೆ ತಗ್ತದೆ ಅನ್ನೋರು ನಮ್ಮಪ್ಪ. ನಾನಂತೂ ನೋಡಿಲ್ಲ."

ಶೆಡ್ಡಿನ ಹಿಂದೆ ಒಂದು ನೀರಿನ ತೊಟ್ಟಿ ಇದೆ. ಅಡ್ಡಪಟ್ಟಿಯಿಂದ ಉಳಿದ ಒಂದು ತುಂಡು, ಒಂದು ಗಜ ಇರ್ಬೋದು, ಅದಕ್ಕೂ ಒಂದು ಕಡೆ ಕೆಂಪಿತ್ತು. ನೀರು ಅಲ್ಲಾಡದ ಹಂಗೆ ಮೆಲ್ಲಗೆ ಬಿಟ್ಟೆ. ಕೆಂಪು ತುದಿ ಒಂದು ಬೆರಳಿನ ಕಾಲು ಭಾಗದಷ್ಟು ತಗ್ಗಿತು. ಪೇಂಟಿನ ತೂಕಕ್ಕೆ ಇರ್ಬೋದು ಅಂತ ಅನುಮಾನ ಬಂದು, ಪೇಂಟೆಲ್ಲಾ ಹೆರೆದು ಪೆನ್ಸಿಲ್ ಗುರುತು ಹಾಕಿ ಮತ್ತೆ ಬಿಟ್ಟೆ. ಮತ್ತೆ ಅದೇ ತುದಿ. ತಿರುಗಿಸಿ, ಮಗುಚಿ ಬಿಟ್ಟೆ. ಒಂದ್ಸಲ ಮಾತ್ರ ಸಮ ನಿಂತ ಹಂಗೆ ಕಾಣ್ತು, ಉಳಿದ ಮೂರು ಸಲವೂ ಅದೇ ತುದಿ ತಗ್ತು. ಆಚಾರ್ರು ಬೀಡಿ ಆರಿಸಿ ಹಿಂದೆ ಬಂದು ನಿಂತಿದ್ರು. ತಾವೂ ಒಂದ್ಸಲ ಬಿಟ್ಟು ನೋಡಿದ್ರು.

"ನೀರಿಗೆ ಗೊತ್ತಾಯ್ತದಲ್ಲೋ" ಅಂದ್ರು.

ಆಮೇಲೆ ಕೆಂಪು ಕೊಯ್ದು ಮುಚ್ಚಾಕೋ ಯೋಚನೆ ಇಬ್ರಿಗೂ ಹೋಯ್ತು.

ದಾರಿ ಹೇಳಿದ್ದು ಆಚಾರ್ರೇ. ತಪ್ಪಿದ ಎರಡು ಪಟ್ಟೀಲಿ ಗಾಡಿ ಬಿದ್ದ ಅಂಚನ್ನ ಅರ್ಧ ಇಂಚು ಸೀಳಿ ಬಿಸಾಕೋದು. ಆ ಜಾಗಕ್ಕೆ ಅರ್ಧ ಇಂಚಿನ ಬೇರೆ ರೀಪು ಅಂಟಿಸೋದು. ಆಮೇಲೆ ಅದರ ಎದುರು ಕಡೆ ಅಂಚಿಗೆ, ತುದಿ ಮೊದ್ಲು ತಳ್ಳಿ, ಹೊಸದಾಗಿ ಗಾಡಿ ಹೊಡೆಯೋದು. ಬಲಗಡೆ ಪಟ್ಟಿ ಆಗ್ತದೆ. ಅಂಟಿಸಿದ ರೀಪು ಹೊರ ಅಂಚಿಗೆ ಬರ್ತದೆ. ಒಂದು ಬಾಗಿಲುವಾಡದ ಕಡೆ ಮರೆಯಾಗ್ತದೆ, ಇನ್ನೊಂದು ಎರಡು ರೆಕ್ಕೆ ಸೇರೋ ಕಡೆ ಹೊಡೆಯೋ ನಡುಪಟ್ಟಿ ಕೆಳಗೆ ಮರೆಯಾಗ್ತದೆ.

"ಆದ್ರೆ ರೀಪು ಎಲ್ಲೈತೆ?" ಅಂದ್ರು. "ಬೇರೆ ಮರ ಸೇರೋ ಹಂಗಿಲ್ಲ. ಏಳಡಿ ಉದ್ದದ್ದು ಬೇಕು, ಎರಡು."

ಇದ್ದಿದ್ದು ಹೆಮ್ಮಿಗೇಲಿ. ಅಂದ್ರೆ ಹೋಗಿ ತಪ್ಪು ಒಪ್ಪಿಕೊಂಡು ಕೇಳ್ಬೇಕು. ತಪ್ಪು ಮಾಡಿದ್ದು ನಾನು, ಹೋಗ್ಬೇಕಾದ್ದೂ ನಾನೇ.

ಮಾರನೇ ದಿನ ಬಸ್ಸು ಬಿಟ್ಟು ನರಸೀಪುರದಿಂದ ಬೈಕ್ ಹೊರಡಿಸಿ ಹೋದೆ. ದಾರಿಯುದ್ದಕ್ಕೂ ಆ ರೀಪು ಒಲೆಗೆ ಹೋಗಿದ್ರೆ ಏನ್ ಮಾಡೋದು ಅನ್ನೋದೊಂದೇ ಯೋಚನೆ. ಆ ಅಕ್ಕ ಆಗತಾನೇ ಸ್ಕೂಲಿಂದ ಬಂದು ಕೈ ತೊಳೀತಿದ್ರು. ಅಜ್ಜಿ ಹಿತ್ತಲಲ್ಲಿ ಕಾಲು ನೀಡ್ಕೊಂಡು ಕೂತು ಅವರೆಕಾಯಿ ಬಿಡಿಸ್ತಿದ್ರು. ನಾನು ನಿಂತೇ ಎಲ್ಲಾ ಹೇಳಿದೆ. ಚಪ್ಪಲಿ ಬಿಚ್ಚಿ ತೋರಿಸೂ ಹೇಳಿದೆ.

ಅಕ್ಕ ಸೆರಗಲ್ಲಿ ಕೈ ಒರೆಸ್ಕೊಂಡು ಮೊದ್ಲು ಕೇಳಿದ್ದು, "ಮರ ಕೆಟ್ಟೋಯ್ತಾ?" ಅಂತ.

"ಇಲ್ಲಕ್ಕ. ಉದ್ದನೆ ರೀಪು ಎರಡು ಸಿಕ್ರೆ ಸರಿ ಆಯ್ತದೆ."

ಅಜ್ಜಿ ಅವರೆಕಾಯಿ ಬಿಟ್ಟು ನನ್ನ ನೋಡಿದ್ರು. "ಕೆಂಪು ಬಳ್ದಿರದು ಯಾಕೆ ಅಂತ ಒಂದು ಮಾತು ಕೇಳಕ್ಕೇನಾಗಿತ್ತು ನಿಂಗೆ?"

"ನಮ್ ಶೆಡ್ಡಲ್ಲಿ ಕೆಂಪು ಅಂದ್ರೆ ಬೇರೆ ಅಜ್ಜಿ."

"ನಿಮ್ ಶೆಡ್ಡಲ್ಲಿ ಬ್ಯಾರೆ, ನಮ್ ಅಟ್ಟೀಲಿ ಬ್ಯಾರೆ. ಮರ ಒಂದೇ ಅಲ್ವಾ?"

ಅಕ್ಕನೇ, "ಓಗ್ಲಿ ಬುಡು ಅತ್ತೆ, ತಪ್ಪಾಯ್ತು ಅಂತ ಏಳಕ್ಕೆ ಬಂದವ್ರಲ್ಲ. ಸುಮ್ಕೆ ಕೊಯ್ದು ಮೆತ್ತಿದ್ರೆ ನಿನ್ಗೇನ್ ಗೊತ್ತಾಗದು?" ಅಂದ್ರು.

"ನಂಗೊತ್ತಾಯ್ತಿತ್ತು ಕನ" ಅಂದ್ರು ಅಜ್ಜಿ. ಹೆಂಗೆ ಗೊತ್ತಾಗ್ತಿತ್ತು ಅಂತ ಕೇಳ್ಬೇಕು ಅನ್ನಿಸ್ತು. ಕೇಳೋ ಸಮಯ ಅಲ್ಲ ಅಂತ, ರೀಪು ಎಲ್ಲಿವೆ ಅಂದೆ.

ರೀಪು ಒಲೆಗೆ ಹೋಗಿರ್ಲಿಲ್ಲ. ಅಜ್ಜಿ ಅವನ್ನ ನೆಲಕ್ಕೆ ನೆಟ್ಟು ಹೀರೇಬಳ್ಳಿಗೆ ಚಪ್ಪರ ಮಾಡಿದ್ರು. ನಾಲ್ಕು ಮೂಲೆಗೆ ನಾಲ್ಕು. ಬಳ್ಳಿ ತುಂಬ ಹಳದಿ ಹೂವು, ಹೀಚುಕಾಯಿ. ನಾನು ಹತ್ರ ಹೋಗಿ ನೋಡಿದೆ. ರೀಪಿನ ಕೆಂಪು ತುದಿ ಮೇಲಿತ್ತು.

"ಅಜ್ಜಿ, ಇದು ತಲೆಕೆಳಗಾಗಿ ನಿಂತೈತಲ್ಲ" ಅಂದುಬಿಟ್ಟೆ. ಬಾಯಿ ತಡೀಲಿಲ್ಲ.

ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ರು. ಅಜ್ಜಿ ಮಾತ್ರ ಸಿಟ್ಟಾಗ್ಲಿಲ್ಲ. "ಬಣ್ಣ ಮಣ್ಣಿಗೋದ್ರೆ ಆಳಾಯ್ತದೆ ಅಂತ ಮ್ಯಾಕ್ ಮಾಡ್ದೆ. ಅದೂ ಅಲ್ದೆ, ಈರೇಬಳ್ಳಿಗೆ ಮೂರು ತಿಂಗ್ಳು ಬಾಳು. ಅದುಕ್ಕೇನು ಬುಡ, ಏನು ತುದಿ? ಮನೇಲಿ ಇರೋ ಮನುಸ್ರಿಗೆ ಅದೆಲ್ಲಾ" ಅಂದ್ರು.

ನಾನು ಟೇಪ್ ತೆಗೆದು ಅಳೆದೆ. ಎರಡು ರೀಪು ಮೋಟು. ಇನ್ನೆರಡು ಮಣ್ಣಿನ ಮೇಲೆ ಏಳಡಿ ಎರಡಿಂಚು ಇದ್ವು. ಮಣ್ಣೊಳಗಿನ ಭಾಗ ನೆನೆದು ಕಪ್ಪಾಗಿರ್ತದೆ, ಅದು ಬೇಡ. ಏಳಡಿ ಸಾಕು. ಆದ್ರೆ ಬಳ್ಳಿ ಜಾಸ್ತಿ ಹಬ್ಬಿದ್ದೇ ಆ ಎರಡಕ್ಕೆ. ನಾನು ಟೇಪ್ ಸುತ್ತಿಕೊಂಡು ಅಜ್ಜಿ ಮುಖ ನೋಡಿದೆ.

ಅಜ್ಜಿ ಮಡಿಲಲ್ಲಿದ್ದ ಅವರೆ ಸಿಪ್ಪೆ ಕೊಡವಿ ಎದ್ರು. "ಬಾಗ್ಲು ನಾಕು ತಲೆಮಾರು. ಈರೇಕಾಯಿ ಸಂತೇಲೂ ಸಿಗ್ತದೆ" ಅಂದು ತಾವೇ ಬಳ್ಳಿ ಬಿಡಿಸೋಕೆ ನಿಂತ್ರು. ಕುಡಿಗಳು ರೀಪಿಗೆ ಸ್ಪ್ರಿಂಗ್ ತರ ಸುತ್ತಿಕೊಂಡಿದ್ವು. ಒಂದೊಂದನ್ನೂ ಉಗುರಲ್ಲಿ ಸಡಿಲ ಮಾಡಿ, ಬಳ್ಳೀನ ಪಕ್ಕದ ನುಗ್ಗೆ ಗಿಡದ ಮೇಲೆ ಹಾಕಿದ್ರು. ನಾನು ಕೈ ಹಾಕೋಕೆ ಹೋದ್ರೆ, "ನೀನು ಬ್ಯಾಡ, ಎಡ ಬಲ ಗೊತ್ತಿಲ್ದೋನು" ಅಂದ್ರು.

ಆ ರೀಪು ಬೈಕಿಗೆ ಕಟ್ಕೊಂಡು ನಂಜನಗೂಡಿಗೆ ಬರೋ ಅಷ್ಟೊತ್ತಿಗೆ ಎಷ್ಟು ಜನ ಬೈದ್ರೋ ಗೊತ್ತಿಲ್ಲ. ಹಿಂದೆ ಮುಂದೆ ಚಾಚಿಕೊಂಡಿತ್ತು.

ಒಂದು ವಾರ ನೆರಳಲ್ಲಿ ಆರಿಸಿ, ಬಿಳಿ ಭಾಗ ಸೀಳಿ ತೆಗೆದು, ಹಳದಿ ತಿರುಳು ಮಾತ್ರ ಅರ್ಧ ಇಂಚಿಗೆ ಇಳಿಸಿದ್ವಿ. ಅಂಟು ಹಾಕಿ ಎಂಟು ಕ್ಲಾಂಪ್ ಬಿಗಿದ್ವಿ. ಅಂಟಿಸೋ ಮುಂಚೆ ಆಚಾರ್ರು ರೀಪಿಗೂ ಬುಡ ಕೆಳಗೇ ಬರೋ ಹಂಗೆ ನೋಡಿದ್ರು. ಮತ್ತೆ ಸೆಟ್ಟಿಂಗ್. ಹಳೇ ಎತ್ತರವೇ ಬೇಕು, ಇಲ್ದಿದ್ರೆ ಮೊದ್ಲೇ ಕೊಯ್ದಿದ್ದ ಅಡ್ಡಪಟ್ಟಿ ಕೂರೋದಿಲ್ಲ. ಆರನೇ ಬೇವಿನ ತುಂಡನ್ನ ನಾನು ಎಸೆದಿರ್ಲಿಲ್ಲ. ಅದನ್ನ ಕಟರ್ ಪಕ್ಕ ಇಟ್ಟು, ಹಲ್ಲು ಅದರ ಗಾಡಿ ಒಳಗೆ ಸರಿಯಾಗಿ ಇಳಿಯೋವರೆಗೆ ಎತ್ತರ ತಿರುಗಿಸಿದೆ. ಆಮೇಲೆ ಎರಡು ಪಟ್ಟೀಗೂ ನೀಲಿ ಬಳಪದಲ್ಲಿ ಬಾಣ ಹಾಕಿದೆ. ತುದಿ ಕಡೆಗೆ.

ಮಿಷನ್ ಬಟನ್ ಒತ್ತೋ ಮುಂಚೆ ಆಚಾರ್ರನ್ನ ಕರೆದೆ. "ಒಂದ್ಸಲ ನೋಡಿ."

"ನೀನೇ ಹೇಳು. ಎಡನೋ ಬಲನೋ?"

"ಬಲ."

"ತಳ್ಳು ಮತ್ತೆ."

ತಳ್ಳಿದೆ. ಹಲಸಿನ ನಾರು ಈ ದಿಕ್ಕಿಂದ ಸ್ವಲ್ಪ ಕಿತ್ಕೊಂಡು ಬರೋಕೆ ನೋಡ್ತು. ಅದಕ್ಕೆ ಒಂದೇ ಸಲಕ್ಕೆ ತೆಗೀದೆ ಮೂರು ಸಲಕ್ಕೆ ತೆಗೆದೆ. ಅಡ್ಡಪಟ್ಟಿ ತಂದು ಕೂರಿಸಿದೆ. ಬೆರಳು ಆಡಿಸಿದೆ. ಮೆಟ್ಟಿಲು ಇಲ್ಲ. ನಾಲ್ಕೂ ಕೆಂಪು ಒಂದೇ ಕಡೆ.

ಕೆಳಗಿನ ತುದಿಗಳನ್ನ ಪೂರ್ತಿ ಕೊಯ್ಲಿಲ್ಲ ನಾವು. ಮೇಲಿಂದಾನೇ ಜಾಸ್ತಿ ತೆಗೆದು, ಕೆಳಗೆ ಪೇಂಟಿರೋ ಹಂಗೇ ಉಳಿಸಿದ್ವಿ. ಹೆಮ್ಮಿಗೇಲಿ ಬಾಗಿಲು ಕೂರಿಸೋ ದಿನ ಎರಡು ರೆಕ್ಕೇನೂ ಜಗಲಿ ಮೇಲೆ ಮಲಗಿಸಿ ಅಜ್ಜೀನ ಕರೆದೆ. ಅವರು ಕೂತ್ಕೊಂಡು ಆ ಕೆಂಪು ತುದಿಗಳ ಮೇಲೆ ಬೆರಳಿಟ್ಟು ಎಣಿಸಿದ್ರು. ಒಂದು, ಎಲ್ಡು, ಮೂರು, ನಾಕು. ಅಂಟಿಸಿದ ರೀಪಿನ ಗೆರೇನೂ ನಾನೇ ತೋರಿಸಿದೆ. ಅದರ ಮೇಲೆ ಬಳ್ಳಿ ಕುಡಿ ಸುತ್ತಿದ್ದ ಗುರುತೇನಾದ್ರೂ ಇದ್ಯಾ ಅಂತ ಅವರು ನೋಡಿದ್ರು. ಇರ್ಲಿಲ್ಲ, ಹತ್ತರಿ ಹೊಡೆದಾಗಲೇ ಎಲ್ಲಾ ಹೋಗಿತ್ತು.

ಆಮೇಲೆ ಅಡ್ಡಪಟ್ಟಿ ಮೇಲೆ ಕೈ ಇಟ್ರು. "ಇವುಕ್ಕೆ ಬುಡ ಯಾವ ಕಡೆಗೈತೆ?"

ನಾನು ಆಚಾರ್ರ ಮುಖ ನೋಡಿದೆ. ಆಚಾರ್ರು ಹಳೇ ಮಾತೇ ಹೇಳಿದ್ರು. "ಅವು ಮಲಗಿರೋವು ಅಜ್ಜಿ. ಉತ್ತರಕ್ಕೆ ತಲೆ ಹಾಕ್ದಿದ್ರೆ ಆಯ್ತು."

ಅಜ್ಜಿ ಹೊಸ ಮನೆ ಬಾಗಿಲುವಾಡದ ಕಡೆ ನೋಡಿದ್ರು. ಬೆಳಗಿನ ಬಿಸಿಲು ನೆಟ್ಟಗೆ ಒಳಗೆ ಬೀಳ್ತಿತ್ತು. "ಬಾಗ್ಲು ಮೂಡ್ಲಾಗೈತೆ. ಅಂಗಾರೆ ಇವು ಬಡಗ್ಲು ತೆಂಕ್ಲಾಗೇ ಮಲ್ಗವೆ. ಯಾವ್ದು ಎತ್ಲಾಗೆ ತಲೆ ಆಕೈತೋ?"

ಆಚಾರ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತ್ಕೊಳ್ತು. ಪೂರ್ವದ ಬಾಗಿಲಲ್ಲಿ ಅಡ್ಡಪಟ್ಟಿ ಉತ್ತರ ದಕ್ಷಿಣಕ್ಕೇ ಮಲಗ್ತದೆ ಅಂತ ಅರವತ್ತು ವರ್ಷದಲ್ಲಿ ಅವರಿಗೆ ಹೊಳೆದಿರ್ಲಿಲ್ಲ. ನನಗೂ ಹೊಳೆದಿರ್ಲಿಲ್ಲ. ಅಡ್ಡಪಟ್ಟಿಗಳ ಕೆಂಪು ತುದಿ ಕೊಯ್ದು ಎಷ್ಟೋ ದಿನ ಆಗಿತ್ತು, ಈಗ ಅಂಟಿಸಿ ಬಿಗಿದೂ ಆಗಿತ್ತು. ನಾನು ತೊಟ್ಟಿ ನೀರು, ತೇಲೋ ಮರ ಎಲ್ಲಾ ನೆನೆಸ್ಕೊಂಡು ನಿಂತಿದ್ದೆ.

ಕೊನೆಗೆ ಅಜ್ಜೀನೇ ಮಂಡಿ ಊರಿ ಎದ್ರು. "ಓಗ್ಲಿ ಬುಡು. ನಮ್ಮನೆ ಬಾಗ್ಲು ಅಗ್ಲೆಲ್ಲಾ ತಗ್ದೇ ಇರ್ತದೆ. ತಗ್ದಾಗ ಮೂಡ್ಲು ಪಡುವ್ಲಾಗೇ ಮಲ್ಗ್ತವೆ. ರಾತ್ರಿ ಒಂದೊತ್ತು ಎಂಗಾರ ಇರ್ಲಿ" ಅಂದು, ನುಗ್ಗೆ ಗಿಡದ ಮೇಲಿಂದ ಎರಡು ಹೀರೇಕಾಯಿ ಕಿತ್ತು ನನ್ನ ಕೈಗೆ ಕೊಟ್ರು.

ಬಾಗಿಲು ಕೂರಿಸಿದ್ವಿ. ಎರಡು ರೆಕ್ಕೇನೂ ಪೂರ್ತಿ ತೆರೆದಿಟ್ಟು ಬಂದ್ವಿ.